ಹಾಲೆಂಡ್ ಲಾಪ್ ಮೊಲ

ಹಾಲೆಂಡ್ ಲಾಪ್ ಎಂಬುದು ಕಿವಿಗಳು ನೆಟ್ಟಗೆ ನಿಲ್ಲದೆ ಕೆನ್ನೆಯ ಎರಡೂ ಬದಿಗೆ ಜೋತುಬಿದ್ದಿರುವ, ಕುಬ್ಜ ಗಾತ್ರದ ಸಾಕುಮೊಲದ ತಳಿ. 20ನೆಯ ಶತಮಾನದ ಮಧ್ಯಭಾಗದಲ್ಲಿ ನೆದರ್ಲೆಂಡ್ಸ್‌ನಲ್ಲಿ ರೂಪುಗೊಂಡ ಈ ತಳಿ ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಮನೆಯ ಒಳಗೆ ಸಾಕುವ ಪ್ರಾಣಿಯಾಗಿ ಜನಪ್ರಿಯವಾಗಿದೆ. ಪ್ರದರ್ಶನದ ಮಾನದಂಡದಂತೆ ಬೆಳೆದ ಮೊಲದ ತೂಕ 1.8 ಕಿಲೋಗ್ರಾಂ ಮೀರಬಾರದು. ಸರಿಯಾದ ಪಾಲನೆ ದೊರೆತರೆ ಇದು ಎಂಟರಿಂದ ಹತ್ತು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಕಾಲ ಬದುಕುತ್ತದೆ.

ದುಂಡುಮುಖ, ಗಿಡ್ಡ ದೇಹ ಹಾಗೂ ಶಾಂತ ಸ್ವಭಾವದಿಂದಾಗಿ ಇದನ್ನು ಮಕ್ಕಳಿಗೆ ತಕ್ಕ, ಕಡಿಮೆ ಶ್ರಮದ ಪ್ರಾಣಿಯೆಂದು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ. ಮೊಲವು ಬೇಟೆಗೆ ಗುರಿಯಾಗುವ ಜೀವಿಯಾದ್ದರಿಂದ ನೋವನ್ನೂ ಕಾಯಿಲೆಯನ್ನೂ ಹೊರಗೆ ತೋರಗೊಡದೆ ಅಡಗಿಸಿಡುತ್ತದೆ. ನಾಯಿಯಂತೆ ನರಳುವುದಿಲ್ಲ, ಬೆಕ್ಕಿನಂತೆ ಕೂಗುವುದಿಲ್ಲ. ಜೋಲುಕಿವಿಯ ತಳಿಗಳಲ್ಲಿ ಭಾವಸೂಚನೆಯ ಮುಖ್ಯ ಅಂಗವಾದ ಕಿವಿಯ ಚಲನೆಯೂ ಕಡಿಮೆ. ಹೀಗಾಗಿ ಹೊಸದಾಗಿ ಮೊಲ ಸಾಕುವವರು ಮೊದಲು ಕಲಿಯಬೇಕಾದುದು ಅದರ ತಟ್ಟೆಯಲ್ಲಿ ಉಳಿದ ಹುಲ್ಲನ್ನೂ ಅದು ಹಾಕಿದ ಹಿಕ್ಕೆಯನ್ನೂ ದಿನವೂ ಗಮನಿಸುವ ಅಭ್ಯಾಸವನ್ನು.

ಹಿನ್ನೆಲೆ

ಎಲ್ಲ ಸಾಕುಮೊಲಗಳೂ ಯುರೋಪಿನ ಕಾಡುಮೊಲದ ಸಂತತಿ. ಕರ್ನಾಟಕದ ಹೊಲಗದ್ದೆ, ಕುರುಚಲು ಕಾಡುಗಳಲ್ಲಿ ಕಾಣುವ ಮೊಲ ಬೇರೆಯೇ ಕುಲಕ್ಕೆ ಸೇರಿದ್ದು. ಅದು ಬಿಲ ತೋಡಿ ಗುಂಪಾಗಿ ಬಾಳುವುದಿಲ್ಲ, ಅದರ ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಸಾಕುಮೊಲದೊಡನೆ ಕೂಡಿ ಅದು ಸಂತಾನ ಪಡೆಯಲಾರದು. ಸಾಕುಮೊಲದ ಮರಿಗಳಾದರೋ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ.

ಜೋಲುಕಿವಿಯ ಮೊಲಗಳಲ್ಲಿ ಅತ್ಯಂತ ಹಳೆಯದು ಇಂಗ್ಲಿಷ್ ಲಾಪ್. ಚಾರ್ಲ್ಸ್ ಡಾರ್ವಿನ್ 1868ರಲ್ಲಿ ಪ್ರಕಟಿಸಿದ, ಪಳಗಿಸಿದ ಪ್ರಾಣಿ ಮತ್ತು ಸಸ್ಯಗಳ ಮಾರ್ಪಾಡುಗಳನ್ನು ಕುರಿತ ಗ್ರಂಥದಲ್ಲಿ ಇಂತಹ ಮೊಲಗಳನ್ನು ವಿವರವಾಗಿ ಚರ್ಚಿಸಿದ್ದಾನೆ. ಒಂದೇ ಕಿವಿ ಜೋತುಬಿದ್ದ ಮೊಲಗಳಲ್ಲಿ ತಲೆಬುರುಡೆಯ ಮೂಳೆಗಳೂ ಆ ಬದಿಗೆ ವ್ಯತ್ಯಾಸಗೊಂಡಿರುವುದನ್ನು ಅವನು ಗುರುತಿಸಿದ್ದ. ಕಿವಿ ಬಾಗುವುದು ಕೇವಲ ಕಿವಿಗೆ ಸಂಬಂಧಿಸಿದ ಸಂಗತಿಯಲ್ಲ ಎಂಬುದಕ್ಕೆ ಇದು ಹಳೆಯ ಸಾಕ್ಷ್ಯ. ಇಂಗ್ಲಿಷ್ ಲಾಪ್‌ನ ಕಿವಿಗಳು ನೆಲಕ್ಕೆ ತಾಗುವಷ್ಟು ಉದ್ದ: 2003ರಲ್ಲಿ ಅಮೆರಿಕದಲ್ಲಿ ಅಳೆದ ಒಂದು ಮೊಲದ ಕಿವಿಗಳು ತುದಿಯಿಂದ ತುದಿಗೆ 79 ಸೆಂಟಿಮೀಟರ್ ಇದ್ದು, ಗಿನ್ನೆಸ್ ದಾಖಲೆಗೆ ಸೇರಿವೆ. ಇದನ್ನು ದೊಡ್ಡ ಗಾತ್ರದ ಮೊಲಗಳೊಡನೆ ಕೂಡಿಸಿ 19ನೆಯ ಶತಮಾನದ ಫ್ರಾನ್ಸ್‌ನಲ್ಲಿ ಫ್ರೆಂಚ್ ಲಾಪ್ ತಳಿಯನ್ನು ಪಡೆಯಲಾಯಿತು.

ಹಾಲೆಂಡ್ ಲಾಪ್ ತಳಿಯ ರೂವಾರಿ ಡಚ್ ಮೊಲ ಸಾಕಣೆಗಾರ ಆಡ್ರಿಯಾನ್ ಡಿ ಕಾಕ್. ಫ್ರೆಂಚ್ ಲಾಪ್‌ನ ರೂಪವನ್ನು ಪುಟ್ಟ ದೇಹದಲ್ಲಿ ತರಬೇಕೆಂದು ಅವರು 1949ರಲ್ಲಿ ಫ್ರೆಂಚ್ ಲಾಪ್ ಮತ್ತು ನೆದರ್ಲೆಂಡ್ ಡ್ವಾರ್ಫ್ ತಳಿಗಳನ್ನು ಕೂಡಿಸಲು ಆರಂಭಿಸಿದರು. ಮೊದಲ ಪ್ರಯತ್ನ ವಿಫಲವಾಯಿತು. ಆಮೇಲೆ ಹುಟ್ಟಿದ ಮರಿಗಳ ಕಿವಿಗಳು ನೆಟ್ಟಗೇ ಇದ್ದವು. ಜೋಲುಕಿವಿಯನ್ನು ಮರಳಿ ಪಡೆಯಲು ಇಂಗ್ಲಿಷ್ ಲಾಪ್‌ನ ರಕ್ತವನ್ನು ಬೆರೆಸಬೇಕಾಯಿತು. ಅನೇಕ ತಲೆಮಾರುಗಳ ಆಯ್ಕೆಯ ಬಳಿಕ 1964ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತಳಿಗೆ ಅಧಿಕೃತ ಮನ್ನಣೆ ದೊರೆಯಿತು. ಹೆಸರುಗಳ ವಿಷಯದಲ್ಲಿ ಒಂದು ಗೊಂದಲವಿದೆ. ಅಮೆರಿಕದಲ್ಲಿ ಹಾಲೆಂಡ್ ಲಾಪ್ ಎನ್ನಿಸಿಕೊಳ್ಳುವ ಮೊಲವನ್ನು ಬ್ರಿಟನ್ನಿನಲ್ಲಿ ಮಿನಿ ಲಾಪ್ ಎನ್ನುತ್ತಾರೆ. ಅಮೆರಿಕದ ಮಿನಿ ಲಾಪ್ ಇನ್ನೊಂದು, ಇದಕ್ಕಿಂತ ತೂಕದ ತಳಿ. ಪಾಲನೆಯ ಕುರಿತು ಪುಸ್ತಕ ಓದುವವರು ಅದು ಯಾವ ದೇಶದ್ದೆಂದು ನೋಡಿಕೊಳ್ಳುವುದು ಒಳ್ಳೆಯದು.

ಕಿವಿಯ ರಚನೆ

ನೆಟ್ಟಗಿವಿಯ ಮೊಲದಲ್ಲಿ ಕಿವಿಯ ಬುಡದ ಮೃದ್ವಸ್ಥಿಗಳು ಒಂದರ ಮೇಲೊಂದು ಸೇರಿಕೊಂಡು ಗಟ್ಟಿಯಾದ ಕೊಳವೆಯಾಗಿರುತ್ತವೆ. ಜೋಲುಕಿವಿಯ ಮೊಲದಲ್ಲಿ ಈ ಮೃದ್ವಸ್ಥಿಗಳ ನಡುವೆ ಸಂದು ಇದ್ದು, ಅಲ್ಲಿ ಮೆದುವಾದ ಅಂಗಾಂಶ ಮಾತ್ರ ಇರುತ್ತದೆ. ಕಿವಿ ಮಡಚಿ ಕೆಳಗೆ ಬೀಳುವುದು ಈ ಸಂದಿನಲ್ಲೇ. ಅದರಿಂದ ಕಿವಿನಾಳ ಕಿರಿದಾಗುತ್ತದೆ; ತಾನಾಗಿ ಹೊರಬರಬೇಕಾದ ಮೇಣ ಮಡಿಕೆಯ ಒಳಗೆ ಸೇರಿಕೊಳ್ಳುತ್ತದೆ. ಸೋಂಕು ತಗಲಿದರೆ ಕಿವಿಯ ಬುಡದಲ್ಲಿ ಕೀವು ತುಂಬಿದ ಗಂಟು ಏಳಬಹುದು. ಮೊಲದ ಕೀವು ನೀರಾಗಿ ಹರಿಯದೆ ಬೆಣ್ಣೆಯಂತೆ ಗಟ್ಟಿಯಾಗಿರುವುದರಿಂದ ಒಡೆದು ವಾಸಿಯಾಗುವುದಿಲ್ಲ, ಬಹುಮಟ್ಟಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಆಶ್ರಯಧಾಮದ 15 ಜೋಲುಕಿವಿ ಹಾಗೂ 15 ನೆಟ್ಟಗಿವಿ ಮೊಲಗಳನ್ನು ಹೋಲಿಸಿತು. ಜೋಲುಕಿವಿಯವುಗಳಲ್ಲಿ ಕಿವಿನಾಳದ ಕಿರಿದಾಗುವಿಕೆ, ಮೇಣದ ಶೇಖರಣೆ ಮತ್ತು ಕಿವಿ ಪರೀಕ್ಷಿಸುವಾಗ ನೋವಿನ ಸೂಚನೆಗಳು ಹೆಚ್ಚಾಗಿದ್ದವು. ಹಲ್ಲಿನ ತೊಂದರೆಗಳೂ ಹೆಚ್ಚಾಗಿ ಕಂಡವು. ಬ್ರಿಟನ್ನಿನ ಪಶುವೈದ್ಯ ಚಿಕಿತ್ಸಾಲಯಗಳ ದಾಖಲೆಗಳನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಬಹು ದೊಡ್ಡ ಅಧ್ಯಯನ ಮಾತ್ರ ಹಲ್ಲಿನ ರೋಗಕ್ಕೂ ಜೋಲುಕಿವಿಗೂ ಸಂಬಂಧವನ್ನು ಕಾಣಲಿಲ್ಲ. ಹಲ್ಲಿನ ಬಗ್ಗೆ ಹೀಗೆ ಭಿನ್ನಮತವಿದ್ದರೂ ಕಿವಿಯ ತೊಂದರೆಗೆ ಕಾರಣ ಅದರ ರಚನೆಯಲ್ಲೇ ಇದೆ.

ಪಾಲಕರು ವಾರಕ್ಕೊಮ್ಮೆ ಕಿವಿಯನ್ನು ಮೃದುವಾಗಿ ಎತ್ತಿ ಒಳಗನ್ನು ನೋಡಬೇಕು, ಬುಡವನ್ನು ಬೆರಳಿನಿಂದ ಸವರಿ ಎರಡೂ ಬದಿ ಸಮವಾಗಿದೆಯೇ ಎಂದು ತಿಳಿಯಬೇಕು. ದುರ್ವಾಸನೆ, ಊತ, ತಲೆ ಕೊಡವುವುದು, ಹಿಂಗಾಲಿನಿಂದ ಕಿವಿ ಕೆರೆಯುವುದು, ಮುಟ್ಟಿದಾಗ ಹಿಂದೆ ಸರಿಯುವುದು ಇವೆಲ್ಲ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಹತ್ತಿಕಡ್ಡಿ ಹಾಕಿದರೆ ಮೇಣ ಇನ್ನೂ ಒಳಕ್ಕೆ ಹೋಗುತ್ತದೆ. ಮನೆಯ ಎಣ್ಣೆ ಬಿಡುವುದೂ ಸಲ್ಲದು. ಕಿವಿಯೊಳಗೆ ಪದರಪದರವಾದ ಕಂದು ಹಕ್ಕಳೆ ಕಂಡರೆ ಅದು ಕಿವಿನುಸಿಯ ಬಾಧೆ. ಆ ಹಕ್ಕಳೆಯನ್ನು ಕಿತ್ತರೆ ತೀವ್ರ ನೋವಾಗುತ್ತದೆ, ಔಷಧದಿಂದ ನುಸಿ ಸತ್ತ ಮೇಲೆ ಅದು ತಾನಾಗಿ ಉದುರುತ್ತದೆ.

ಜೋಲುಕಿವಿ ಹುಟ್ಟಿನಿಂದಲೇ ಬರುವುದಿಲ್ಲ. ಮರಿಗಳ ಕಿವಿಗಳು ಕೆಲವು ವಾರಗಳ ಕಾಲ ನೆಟ್ಟಗೋ ಅಡ್ಡಕ್ಕೋ ಇದ್ದು ನಿಧಾನವಾಗಿ ಇಳಿಯುತ್ತವೆ. ಒಂದು ಕಿವಿ ಇಳಿದು ಇನ್ನೊಂದು ನಿಂತಿರುವ ಹಂತವೂ ಸಹಜವೇ. ಆದುದರಿಂದ ಎಳೆಯ ಮರಿಯ ಕಿವಿ ನೋಡಿ ತಳಿಯನ್ನು ನಿರ್ಧರಿಸಲಾಗದು.

ಆಹಾರ

ಮೊಲದ ಬಾಳು ಹುಲ್ಲಿನ ಮೇಲೆ ನಿಂತಿದೆ. ಅದಕ್ಕೆ 28 ಹಲ್ಲುಗಳಿದ್ದು, ಬಾಚಿಹಲ್ಲು ದವಡೆಹಲ್ಲುಗಳೆಲ್ಲವೂ ಆಯುಷ್ಯವಿಡೀ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ನಾರುಳ್ಳ ಹುಲ್ಲನ್ನು ಗಂಟೆಗಟ್ಟಲೆ ಅಡ್ಡಡ್ಡ ಅರೆಯುವುದರಿಂದಲೇ ಅವು ಸವೆಯುತ್ತವೆ. ಕರುಳಿನ ಚಲನೆಯೂ ಅದೇ ನಾರಿನಿಂದ ನಡೆಯುತ್ತದೆ. ಆಹಾರದ ಶೇಕಡಾ 80ಕ್ಕಿಂತ ಹೆಚ್ಚು ಭಾಗ ಹುಲ್ಲು ಅಥವಾ ಒಣಹುಲ್ಲೇ ಆಗಿರಬೇಕು, ಅದು ಹಗಲಿರುಳೂ ಮುಂದೆ ಇರಬೇಕು.

ಪಾಶ್ಚಾತ್ಯ ಬರಹಗಳು ಹೇಳುವ ಟಿಮೊಥಿ ಹುಲ್ಲು ಭಾರತದಲ್ಲಿ ಬಹುಪಾಲು ಆಮದಾಗಿ ಬರುವ ದುಬಾರಿ ವಸ್ತು. ಇಲ್ಲಿ ಸುಲಭವಾಗಿ ಸಿಗುವ ಗರಿಕೆ ಮೊಲಕ್ಕೆ ಚೆನ್ನಾಗಿ ಒಗ್ಗುತ್ತದೆ. ರೋಡ್ಸ್ ಹುಲ್ಲು ಮತ್ತು ನೇಪಿಯರ್ ಮೇವನ್ನೂ ಕೊಡಬಹುದು. ಬರಿಯ ಭತ್ತದ ಹುಲ್ಲಿನಲ್ಲಿ ಪೋಷಕಾಂಶ ಬಹಳ ಕಡಿಮೆ, ಅದು ಹಾಸಿಗೆಗೆ ಸರಿ. ಲೂಸರ್ನ್, ಅಂದರೆ ಕುದುರೆಮಸಾಲೆ ಸೊಪ್ಪಿನಲ್ಲಿ ಸುಣ್ಣದಂಶವೂ ಸಸಾರಜನಕವೂ ಅಧಿಕ. ಬೆಳೆಯುವ ಮರಿಗಳಿಗೆ ಅದು ಹಿತ, ಬೆಳೆದ ಮೊಲಕ್ಕೆ ಪ್ರತಿದಿನ ಕೊಟ್ಟರೆ ಮೂತ್ರಕೋಶದಲ್ಲಿ ಸುಣ್ಣದ ಗಸಿ ಕಟ್ಟುವ ಸಂಭವವಿದೆ. ಹುಲ್ಲನ್ನು ಕೀಟನಾಶಕ ಸಿಂಪಡಿಸದ, ವಾಹನದ ಹೊಗೆ ತಾಗದ, ನಾಯಿಗಳು ಓಡಾಡದ ಜಾಗದಿಂದ ತರಬೇಕು. ಜೊತೆಗೆ ಕಾಂಗ್ರೆಸ್ ಗಿಡ, ಲಂಟಾನ, ಕಣಗಿಲೆಯ ಎಲೆ ಬೆರೆತು ಬಾರದಂತೆ ಆರಿಸುವುದು ಅಗತ್ಯ, ಇವು ವಿಷಕಾರಿ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಒಣಹುಲ್ಲನ್ನು ಹಾಕಬಾರದು.

ಸೊಪ್ಪುಗಳಲ್ಲಿ ಕೊತ್ತಂಬರಿ, ಪುದೀನ, ಮೂಲಂಗಿ ಎಲೆ, ಮೆಂತ್ಯ ಮೊದಲಾದವನ್ನು ತೊಳೆದು, ಒಂದು ದಿನಕ್ಕೆ ಒಂದು ಹೊಸದೆಂಬಂತೆ ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಬೇಕು. ಕ್ಯಾರೆಟ್ ಮೊಲದ ಮುಖ್ಯ ಆಹಾರವೆಂಬುದು ಚಿತ್ರಕಥೆಗಳಿಂದ ಹಬ್ಬಿದ ಕಲ್ಪನೆ. ಅದರಲ್ಲಿ ಸಕ್ಕರೆ ಹೆಚ್ಚು. ಬಾಳೆಹಣ್ಣು, ಸೇಬುಗಳಂತೆ ಅದೂ ಬೆರಳುಗಾತ್ರದ ತುಂಡಾಗಿ ಅಪರೂಪಕ್ಕೆ ಕೊಡತಕ್ಕದ್ದು. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್ ಕೊಡಲೇಬಾರದು. ಅನ್ನ, ಚಪಾತಿ, ಬಿಸ್ಕತ್ತು, ಕಾಳುಗಳನ್ನು ಮೊಲ ಆಸೆಯಿಂದ ತಿನ್ನುತ್ತದೆ, ಆದರೆ ಅವುಗಳ ಪಿಷ್ಟ ಕರುಳಿನ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸುತ್ತದೆ. ಅಂಗಡಿಯ ಪೆಲೆಟ್ ಆಹಾರವನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 25 ಗ್ರಾಂ ಮೀರದಂತೆ ಕೊಟ್ಟರೆ ಸಾಕು. ಹೊಸ ಮನೆಗೆ ತಂದ ಮರಿಗೆ ಹಿಂದೆ ತಿನ್ನುತ್ತಿದ್ದುದನ್ನೇ ಕೆಲವು ದಿನ ಮುಂದುವರಿಸಿ, ನಿಧಾನವಾಗಿ ಬದಲಾಯಿಸಬೇಕು. ತಾಯಿಯಿಂದ ಎಂಟು ವಾರಕ್ಕೆ ಮೊದಲೇ ಬೇರ್ಪಡಿಸಿದ ಮರಿಗಳು ಇಂತಹ ಬದಲಾವಣೆಯಲ್ಲಿ ಭೇದಿಯಾಗಿ ಸಾಯುವ ಅಪಾಯ ಹೆಚ್ಚು.

ಮೊಲಕ್ಕೆ ನೀರು ಕೊಟ್ಟರೆ ಸಾಯುತ್ತದೆಂಬ ನಂಬಿಕೆ ಕೆಲವೆಡೆ ಇದೆ. ಇದು ಸಂಪೂರ್ಣ ತಪ್ಪು, ಅಪಾಯಕಾರಿಯೂ ಹೌದು. ಹಸಿ ಸೊಪ್ಪನ್ನೇ ತಿನ್ನುವ ಮೊಲ ಕಡಿಮೆ ಕುಡಿಯುವುದನ್ನು ಕಂಡು ಹುಟ್ಟಿದ ನಂಬಿಕೆ ಇರಬೇಕು. ಒಣಹುಲ್ಲು ತಿನ್ನುವ ಮೊಲಕ್ಕೆ ಗಾತ್ರಕ್ಕೆ ಹೋಲಿಸಿದರೆ ಬಹಳ ನೀರು ಬೇಕು. ಉರುಳದಂತಹ ಭಾರದ ಪಿಂಗಾಣಿ ಬಟ್ಟಲು ಬಾಟಲಿಗಿಂತ ಉತ್ತಮ. ಬಾಯಿ ಕಿರಿದಾಗಿದ್ದರೆ ಜೋಲುಕಿವಿಗಳು ನೀರಿನಲ್ಲಿ ನೆನೆಯುವುದಿಲ್ಲ.

ಎರಡು ಬಗೆಯ ಹಿಕ್ಕೆ

ಮೊಲ ದಿನಕ್ಕೆ ನೂರಾರು ಗಟ್ಟಿಯಾದ, ದುಂಡಗಿನ ಒಣ ಹಿಕ್ಕೆ ಹಾಕುತ್ತದೆ. ಇದಲ್ಲದೆ ದೊಡ್ಡದಾದ ಅಂಧಾಂತ್ರದಲ್ಲಿ ಸೂಕ್ಷ್ಮಜೀವಿಗಳು ಹುದುಗಿಸಿದ ಮೆತ್ತನೆಯ, ಹೊಳಪುಳ್ಳ, ದ್ರಾಕ್ಷಿಗೊಂಚಲಿನಂತಹ ಇನ್ನೊಂದು ಬಗೆಯ ಹಿಕ್ಕೆಯೂ ಇದೆ. ಅದನ್ನು ಮೊಲ ನೇರವಾಗಿ ತಿಂದುಬಿಡುತ್ತದೆ. ಇದು ಹೊಲಸು ಚಟವಲ್ಲ. ಬಿ ಗುಂಪಿನ ಜೀವಸತ್ವಗಳೂ ಸಸಾರಜನಕವೂ ದೇಹಕ್ಕೆ ಸೇರುವುದು ಈ ಎರಡನೆಯ ಸುತ್ತಿನಲ್ಲಿ. ಹಸು ಮೆಲುಕು ಹಾಕುವುದಕ್ಕೆ ಇದನ್ನು ಹೋಲಿಸಬಹುದು. ಮೆತ್ತನೆಯ ಹಿಕ್ಕೆ ತಿನ್ನದೆ ನೆಲದಲ್ಲಿ ಉಳಿಯುತ್ತಿದ್ದರೆ ಪೆಲೆಟ್ ಹೆಚ್ಚಾಗಿದೆಯೆಂದೋ, ಮೈ ಬೆಳೆದು ಬಾಗಲಾಗುತ್ತಿಲ್ಲವೆಂದೋ, ಹಲ್ಲು ನೋಯುತ್ತಿದೆಯೆಂದೋ ಅರ್ಥ. ಒಣ ಹಿಕ್ಕೆ ಸಣ್ಣದಾದರೆ, ಕೂದಲಿನಿಂದ ಸರದಂತೆ ಪೋಣಿಸಿಕೊಂಡು ಬಂದರೆ ಕರುಳು ನಿಧಾನವಾಗುತ್ತಿದೆ. ಮೂತ್ರ ಕೆಲವೊಮ್ಮೆ ಕಿತ್ತಳೆ ಅಥವಾ ಕೆಂಪು ಬಣ್ಣಕ್ಕೆ ತಿರುಗುವುದು ಬಹುವೇಳೆ ಆಹಾರದ ವರ್ಣದ್ರವ್ಯದಿಂದ. ಆದರೂ ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ಪರೀಕ್ಷೆ ಮಾಡಿಸಬೇಕು.

ವಸತಿ ಮತ್ತು ಬಿಸಿಲು

ಪಂಜರವು ಮೊಲದ ಮನೆಯಲ್ಲ, ಹೆಚ್ಚೆಂದರೆ ಮಲಗುವ ಮೂಲೆ. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಗಳು ಎರಡು ಮೊಲಗಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ನಿರಂತರ ಜಾಗವನ್ನು ಕನಿಷ್ಠವೆಂದು ಸೂಚಿಸುತ್ತವೆ. ತಂತಿಜಾಲರಿಯ ನೆಲ ಕೂಡದು: ಮೊಲದ ಪಾದಕ್ಕೆ ನಾಯಿ, ಬೆಕ್ಕಿನಂತೆ ಮೆತ್ತೆಯಿಲ್ಲ, ಕೂದಲು ಮಾತ್ರ ಇದೆ, ತಂತಿಯ ಮೇಲೆ ನಿಂತು ಹಿಮ್ಮಡಿ ಹುಣ್ಣಾಗುತ್ತದೆ. ಚಾಪೆ ಅಥವಾ ಹತ್ತಿಯ ಬಟ್ಟೆ ಹಾಸಿದ ಕೋಣೆಯ ಮೂಲೆ, ಒಂದು ಅಡಗುವ ಪೆಟ್ಟಿಗೆ, ಕಾಗದದ ಚೂರು ಹಾಗೂ ಒಣಹುಲ್ಲು ತುಂಬಿದ ಒಂದು ತಟ್ಟೆ ಇದ್ದರೆ ಸಾಕು. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುವುದರಿಂದ ಹುಲ್ಲನ್ನು ಆ ತಟ್ಟೆಯ ಪಕ್ಕದಲ್ಲೇ ಇಟ್ಟರೆ ಅದೇ ಜಾಗದ ರೂಢಿಯಾಗುತ್ತದೆ. ವಿದ್ಯುತ್ ತಂತಿಗಳನ್ನು ಮುಚ್ಚಬೇಕು. ಬಿಲದಲ್ಲಿ ಬೇರು ಕತ್ತರಿಸುವ ಸಹಜ ಪ್ರವೃತ್ತಿಗೆ ತಂತಿಯೂ ಬೇರಿನಂತೆಯೇ ತೋರುತ್ತದೆ.

ಮೊಲ ಬೆವರುವುದಿಲ್ಲ. ದೇಹದ ಶಾಖ ಬಹುಮಟ್ಟಿಗೆ ಕಿವಿಯ ರಕ್ತನಾಳಗಳ ಮೂಲಕ ಹೊರಹೋಗುತ್ತದೆ. ಯುರೋಪಿನ ಹವೆಗೆ ಹೊಂದಿದ ಈ ಪ್ರಾಣಿಗೆ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ದಾಟಿದಂತೆ ಕಷ್ಟ ಆರಂಭವಾಗುತ್ತದೆ. ಬೆಂಗಳೂರು, ಕೊಡಗಿನ ಬಹುಪಾಲು ತಿಂಗಳುಗಳು ಸಹನೀಯ. ರಾಯಚೂರು, ಕಲಬುರಗಿಯ 40 ಡಿಗ್ರಿ ದಾಟುವ ಬೇಸಿಗೆಯೂ ಕರಾವಳಿಯ ಸೆಕೆಯೂ ಅಪಾಯಕಾರಿ. ಅಂತಹ ಊರುಗಳಲ್ಲಿ ತಂಪು ಕೋಣೆಯ ವ್ಯವಸ್ಥೆಯಿಲ್ಲದೆ ಈ ತಳಿಯನ್ನು ಸಾಕದಿರುವುದೇ ಲೇಸು. ಕಲ್ಲುಹಾಸಿನ ನೆಲ, ಬಟ್ಟೆ ಸುತ್ತಿದ ಮಂಜುಗಡ್ಡೆಯ ಬಾಟಲಿ, ಒದ್ದೆ ಬೆರಳಿನಿಂದ ಕಿವಿ ಸವರುವುದು ಇವು ನೆರವಾಗುತ್ತವೆ. ಬಾಯಿ ತೆರೆದು ಉಸಿರಾಡುವುದು, ಮೂಗಿನ ಸುತ್ತ ಒದ್ದೆಯಾಗುವುದು, ತೂರಾಡುವುದು ಶಾಖಾಘಾತದ ಲಕ್ಷಣಗಳು. ಆಗ ತಣ್ಣೀರಿನಲ್ಲಿ ಅದ್ದಬಾರದು. ಕಿವಿಗಳನ್ನು ಒದ್ದೆ ಮಾಡುತ್ತ ತಕ್ಷಣ ವೈದ್ಯರ ಬಳಿಗೆ ಒಯ್ಯಬೇಕು. ಬೇರೆ ಸಮಯದಲ್ಲೂ ಮೊಲಕ್ಕೆ ಸ್ನಾನ ಅಗತ್ಯವಿಲ್ಲ.

ಸ್ವಭಾವ ಮತ್ತು ಎತ್ತಿಕೊಳ್ಳುವ ವಿಧಾನ

ಕಿವಿ ಹಿಡಿದು ಮೊಲವನ್ನು ಎತ್ತುವುದು ಕ್ರೌರ್ಯ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಧಾರವಾಗಿರಬೇಕು. ಹಿಂಗಾಲಿನ ಸ್ನಾಯುಗಳ ಬಲಕ್ಕೆ ಹೋಲಿಸಿದರೆ ಬೆನ್ನೆಲುಬು ಹಗುರ. ಆಧಾರವಿಲ್ಲದೆ ಒದ್ದಾಡಿದರೆ ತನ್ನ ಒದೆತದಿಂದಲೇ ಬೆನ್ನುಮೂಳೆ ಮುರಿದು ಹಿಂಗಾಲು ಸ್ವಾಧೀನ ತಪ್ಪುತ್ತದೆ. ಚಿಕ್ಕ ಮಕ್ಕಳು ನೆಲದಲ್ಲಿ ಕುಳಿತು ಸವರುವುದಷ್ಟೇ ಕ್ಷೇಮ. ಅಂಗಾತ ಮಲಗಿಸಿದಾಗ ಮೊಲ ಅಲುಗಾಡದೆ ಇರುವುದನ್ನು ನೆಮ್ಮದಿಯೆಂದು ತಿಳಿಯುವವರಿದ್ದಾರೆ. ಅದು ಭಯದ ಸ್ತಬ್ಧತೆ.

ಸಂತೋಷವಾದಾಗ ಮೊಲ ಗಾಳಿಯಲ್ಲಿ ನೆಗೆದು ಮೈ ತಿರುಚುತ್ತದೆ. ಅಪಾಯ ಶಂಕಿಸಿದಾಗ ಹಿಂಗಾಲನ್ನು ನೆಲಕ್ಕೆ ಬಡಿಯುತ್ತದೆ. ಗಲ್ಲವನ್ನು ವಸ್ತುಗಳಿಗೆ ಉಜ್ಜಿ ಗಂಧ ಹಚ್ಚಿ ತನ್ನದೆಂದು ಸಾರುತ್ತದೆ. ಮೆಲ್ಲಗೆ ಹಲ್ಲು ತೀಡುವುದು ತೃಪ್ತಿ, ಜೋರಾಗಿ ಕಟಕಟಿಸುವುದು ನೋವು. ಜೋಲುಕಿವಿಯ ಮೊಲದಲ್ಲಿ ಕಿವಿಯ ತುದಿಯ ಬದಲು ಬುಡದ ಸಣ್ಣ ಚಲನೆಯನ್ನು ನೋಡಬೇಕಾಗುತ್ತದೆ. ಮೊಲ ಗುಂಪುಜೀವಿ, ಸಂತಾನಹರಣ ಮಾಡಿದ ಗಂಡು ಹೆಣ್ಣು ಜೋಡಿ ಚೆನ್ನಾಗಿ ಬಾಳುತ್ತದೆ. ಎರಡು ಅಪರಿಚಿತ ಮೊಲಗಳನ್ನು ಒಮ್ಮೆಲೇ ಕೂಡಿಹಾಕಿದರೆ ಗಾಯವಾಗುವಂತೆ ಕಾದಾಡುತ್ತವೆ.

ತುರ್ತು ಸ್ಥಿತಿಗಳು

ಹೊಸ ಪಾಲಕರು ಮೊಲವನ್ನು ಕಳೆದುಕೊಳ್ಳುವ ಸಾಮಾನ್ಯ ಕಾರಣಗಳಲ್ಲೊಂದು ಕರುಳಿನ ಸ್ತಬ್ಧತೆ. ಹಲ್ಲುನೋವು, ಕಿವಿನೋವು, ಹೆದರಿಕೆ, ಬಿಸಿಲು, ನಾರಿನ ಕೊರತೆ ಯಾವುದರಿಂದಲಾದರೂ ಮೊಲ ತಿನ್ನುವುದನ್ನು ಬಿಟ್ಟರೆ ಕರುಳು ನಿಧಾನವಾಗಿ ವಾಯು ತುಂಬುತ್ತದೆ; ವಾಯುವಿನ ನೋವಿನಿಂದ ಇನ್ನಷ್ಟು ತಿನ್ನುವುದಿಲ್ಲ. ಮೊಲಕ್ಕೆ ವಾಂತಿ ಮಾಡಲು ಬಾರದು. ಇಷ್ಟವಾದ ಸೊಪ್ಪನ್ನೂ ಮೂಸಿ ಬಿಟ್ಟು, ಮೂಲೆಯಲ್ಲಿ ಮುದುರಿ ಕುಳಿತು, ಹಿಕ್ಕೆ ನಿಂತು 12 ಗಂಟೆಯಾದರೆ ಅದು ತುರ್ತು ಸ್ಥಿತಿ. "ನಾಳೆ ನೋಡೋಣ" ಎಂಬ ವಿಳಂಬವೇ ಹಲವು ಮೊಲಗಳ ಸಾವಿಗೆ ಕಾರಣ. ಹೊಟ್ಟೆ ಬಿಗಿದು ಉಬ್ಬಿದ್ದರೆ ಕರುಳಿಗೆ ಅಡ್ಡಿಯಾಗಿರಬಹುದು. ಆಗ ಬಲವಂತವಾಗಿ ಉಣಿಸುವುದು ಹಾನಿಕರವಾದ್ದರಿಂದ ಸಿರಿಂಜಿನ ಆಹಾರವನ್ನು ವೈದ್ಯರು ನೋಡಿದ ಮೇಲೆಯೇ ಆರಂಭಿಸಬೇಕು.

ಔಷಧಗಳ ವಿಷಯದಲ್ಲಿ ಮೊಲ ನಾಯಿ, ಬೆಕ್ಕುಗಳಂತಲ್ಲ. ಬಾಯಿಯ ಮೂಲಕ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್ ಇದರ ಕರುಳಿನ ಉಪಯುಕ್ತ ಜೀವಿಗಳನ್ನು ಕೊಂದು ಮಾರಕ ಭೇದಿ ತರುತ್ತವೆ. ನಾಯಿಗಳ ಉಣ್ಣೆ, ಚಿಗಟಗಳಿಗೆ ಬಳಸುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ. ಶಸ್ತ್ರಚಿಕಿತ್ಸೆಗೆ ಮುನ್ನ ಇದನ್ನು ಉಪವಾಸ ಇಡುವುದಿಲ್ಲ. ಹಾಗೆ ಇಡಲು ಹೇಳುವ ಚಿಕಿತ್ಸಾಲಯಕ್ಕೆ ಮೊಲಗಳ ರೂಢಿ ಕಡಿಮೆಯೆಂದು ತಿಳಿಯಬಹುದು. ಮಳೆಗಾಲದಲ್ಲಿ ಹಿಂಭಾಗ ಒದ್ದೆಯಾಗಿ ಕೊಳೆಯಾದ ಮೊಲದ ಮೇಲೆ ನೊಣ ಮೊಟ್ಟೆಯಿಟ್ಟು, ಒಂದೇ ದಿನದಲ್ಲಿ ಹುಳುಗಳಾಗಿ ಮಾಂಸವನ್ನು ತಿನ್ನತೊಡಗುತ್ತವೆ. ದಿನಕ್ಕೊಮ್ಮೆ ಬಾಲದ ಕೆಳಗೆ ನೋಡುವುದು ಇದಕ್ಕೆ ಪರಿಹಾರ. ತಲೆ ಒಂದು ಬದಿಗೆ ವಾಲಿದರೆ ಒಳಕಿವಿಯ ಸೋಂಕು ಅಥವಾ ಮಿದುಳಿಗೆ ತಗಲುವ ಪರೋಪಜೀವಿಯ ಬಾಧೆ ಇರಬಹುದು. ಬೇಗ ಚಿಕಿತ್ಸೆ ದೊರೆತ ಹಲವು ಮೊಲಗಳು ಚೇತರಿಸಿಕೊಳ್ಳುತ್ತವೆ.

ಸಂತಾನ

ಹೆಣ್ಣು ನಾಲ್ಕೈದು ತಿಂಗಳಿಗೆ ಬೆದೆಗೆ ಬರುತ್ತದೆ, ಗರ್ಭಾವಧಿ ಸುಮಾರು 31 ದಿನ, ಹೆತ್ತ ದಿನವೇ ಮತ್ತೆ ಗರ್ಭ ಧರಿಸಬಲ್ಲದು. ಎಳೆಯ ಮರಿಗಳ ಲಿಂಗ ಗುರುತಿಸುವುದು ಕಷ್ಟವಾದ್ದರಿಂದ ಎರಡು ಹೆಣ್ಣೆಂದು ತಂದದ್ದು ಜೋಡಿಯಾಗಿ ಪರಿಣಮಿಸುವುದು ಅಪರೂಪವಲ್ಲ. ಸಂತಾನಹರಣವಾಗದ ಹೆಣ್ಣುಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಗಂಡಿನಲ್ಲಿ ಶಸ್ತ್ರಚಿಕಿತ್ಸೆಯ ನಂತರವೂ ಕೆಲವು ವಾರ ಫಲವತ್ತತೆ ಉಳಿದಿರುತ್ತದೆ.

ಹಾಲೆಂಡ್ ಲಾಪ್‌ನ ಪುಟ್ಟ ಗಾತ್ರಕ್ಕೆ ಕಾರಣ ಒಂದು ಕುಬ್ಜತೆಯ ಜೀನು. ಅದರ ಒಂದು ಪ್ರತಿ ಬಂದ ಮೊಲ ಕುಳ್ಳಾಗುತ್ತದೆ, ಎರಡು ಪ್ರತಿ ಬಂದ ಮರಿ ಬದುಕುವುದಿಲ್ಲ. ಇಬ್ಬರು ಕುಬ್ಜ ಪೋಷಕರಿಗೆ ಹುಟ್ಟುವ ಮರಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಹೀಗೆ ತೀರ ಚಿಕ್ಕದಾಗಿ ಹುಟ್ಟಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹವ್ಯಾಸಕ್ಕೆಂದು ಒಮ್ಮೆ ಮರಿ ಮಾಡಿಸಿ ನೋಡಬೇಕೆನ್ನುವವರು ಸಾಮಾನ್ಯವಾಗಿ ತಿಳಿಯದ ವಿಷಯ ಇದು.

ಭಾರತದಲ್ಲಿ

ಭಾರತದ ಅಂಗಡಿಗಳಲ್ಲಿ ಬಿಳಿಯ, ಕೆಂಪುಗಣ್ಣಿನ ನೆಟ್ಟಗಿವಿ ಮೊಲಗಳೇ ಹೆಚ್ಚು. ಜೋಲುಕಿವಿಯವು ಬಹುಪಾಲು ಮಹಾನಗರಗಳಲ್ಲಿ ದೊರೆಯುತ್ತವೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ 2018ರಲ್ಲಿ ಜಾರಿಯಾದ ಸಾಕುಪ್ರಾಣಿ ಅಂಗಡಿ ನಿಯಮಗಳಂತೆ ಮಾರಾಟಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಸಾಕಲಾಗದ ಮೊಲವನ್ನು ತೋಟದಲ್ಲೋ ಕಾಡಂಚಿನಲ್ಲೋ ಬಿಟ್ಟುಬರುವುದೂ ಪರಿಹಾರವಲ್ಲ. ನಾಯಿ, ಬೆಕ್ಕು, ಮುಂಗುಸಿಗಳ ನಡುವೆ ಅದು ಹೆಚ್ಚು ದಿನ ಉಳಿಯದು. ತಾಲ್ಲೂಕು ಪಶು ಆಸ್ಪತ್ರೆಗಳ ಹೆಚ್ಚಿನ ಕೆಲಸ ದನ, ಎಮ್ಮೆ, ಕುರಿಗಳದು. ಆದುದರಿಂದ ಮೊಲದ ಚಿಕಿತ್ಸೆ ಬಲ್ಲ ವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ, ರಾತ್ರಿ ವೇಳೆ ಸಿಗುತ್ತಾರೆಯೇ ಎಂಬುದನ್ನು ಮೊಲ ತರುವ ಮೊದಲೇ ವಿಚಾರಿಸಿಕೊಳ್ಳಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವಂತಹ ಪಶುವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಲ್ಲಿಯೂ ಕೇಳಬಹುದು.